ತೂಬಿಗೆ ಇಳಿದವರು

ಸೊರಬ
18 ಜೂನ್ 1955

ಚಿರಂಜೀವಿ ಗುತ್ಯಮ್ಮನಿಗೆ ನಿನ್ನ ಚಿಕ್ಕಮ್ಮ ತಿಮ್ಮಮ್ಮನ ಆಶೀರ್ವಾದ.

ನಾನು ಹೇಳುತ್ತಿದ್ದೇನೆ, ಕಮಲಾಕರ ಮಾಸ್ತರು ಬರೆಯುತ್ತಿದ್ದಾರೆ. ನನಗೆ ಅಕ್ಷರ ಬಾರದು, ನಿನಗೆ ಗೊತ್ತಿದ್ದದ್ದೇ. ಮಾಸ್ತರು ಸ್ಕೂಲಿನಿಂದ ರಿಟೈರಾದವರು, ನನ್ನ ಮಂಡಕ್ಕಿ ಅಂಗಡಿಯ ಹಿಂದಿನ ಮನೆಯವರು. ಮೊದಲು "ಇಲ್ಲಿ ಎಲ್ಲರೂ ಕ್ಷೇಮ" ಅಂತ ಹಾಕಲೇ ಎಂದು ಕೇಳಿದರು. ಅಪ್ಪನನ್ನು ಮಣ್ಣು ಮಾಡಿ ತಿಂಗಳು ತುಂಬದ ಹುಡುಗಿಗೆ ನಮ್ಮ ಕ್ಷೇಮ ಕಟ್ಟಿಕೊಂಡು ಏನಾಗಬೇಕು, ಬಿಡಿ ಅಂದೆ.

ನಿಮ್ಮಪ್ಪ ಹೋದ ಸುದ್ದಿ ಶಿಕಾರಿಪುರದ ಬಸ್ಸಿನ ಕಂಡಕ್ಟರ್ ಹೇಳಿದ. ನಾನು ಬರಲಿಲ್ಲ. ಅಂಗಡಿ ಬಿಟ್ಟು ಬರಲಿಕ್ಕಾಗಲಿಲ್ಲ ಅಂತ ತಿಳಿದುಕೋ.

ಈಗ ಹೇಳುವುದು ಇಷ್ಟೇ. ಹತ್ತೊಂಬತ್ತು ವರ್ಷದ ಹುಡುಗಿ ಕೆರೆ ಏರಿಯ ಮೇಲೆ, ಊರಿಂದ ಅಷ್ಟು ದೂರ, ಒಬ್ಬಳೇ ಇರುವುದು ಬೇಡ. ಬಂದುಬಿಡು. ನಿನ್ನ ಚಿಕ್ಕಪ್ಪ ತೀರಿಕೊಂಡ ಮೇಲೆ ನಾನೂ ಒಬ್ಬಳೇ. ಬಸ್ ಸ್ಟ್ಯಾಂಡಿನ ಎದುರಿಗೆ ಅಂಗಡಿ, ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಆನವಟ್ಟಿ ಕಡೆ ಒಂದು ಸಂಬಂಧವೂ ಇದೆ, ಹುಡುಗ ಒಳ್ಳೆಯವನು. ಆ ಕೆರೆ ನಿನಗೆ ಬೇಡ.

ಇಂತಿ ನಿನ್ನ ಚಿಕ್ಕಮ್ಮ
ತಿಮ್ಮಮ್ಮ


ಗಂಗನಕೊಪ್ಪ, ಶಿಕಾರಿಪುರ ತಾಲ್ಲೂಕು
2 ಜುಲೈ 1955

ಚಿಕ್ಕಮ್ಮನಿಗೆ ಗುತ್ಯಮ್ಮನ ನಮಸ್ಕಾರ. ಓದಿ ಹೇಳುವ ಮಾಸ್ತರಿಗೂ ನಮಸ್ಕಾರ.

ನಿನ್ನ ಕಾಗದ ಬಂದ ದಿನ ನಾನು ಶಿಕಾರಿಪುರದಲ್ಲಿದ್ದೆ. ಬೆಳಿಗ್ಗೆ ನಡೆದುಕೊಂಡು ಹೋಗಿ ತಾಲ್ಲೂಕು ಕಛೇರಿಯ ಜಗಲಿ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದೆ. ಅಪ್ಪನ ನೀರುಗಂಟಿ ಕೆಲಸ ನನ್ನ ಹೆಸರಿಗೆ ಬರಲಿ ಅಂತ ಅರ್ಜಿ ಕೊಟ್ಟೆ. ನಾಲ್ಕನೇ ಇಯತ್ತೆಯವರೆಗೆ ಅಪ್ಪ ಓದಿಸಿದ್ದಕ್ಕೆ ಅರ್ಜಿ ನಾನೇ ಬರೆದೆ.

ಕೆರೆ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಬಿಡುವವರು ಯಾರೋ, ಈ ಏರಿ ಮೇಲಿನ ಮನೆ ಅವರಿಗೆ. ಕೆಳಗಿನ ಉಂಬಳಿ ಗದ್ದೆಯೂ ಅವರಿಗೆ. ಕೆಲಸ ಬೇರೆಯವರಿಗೆ ಹೋದರೆ ನಾನು ಗಂಟು ಕಟ್ಟಬೇಕು.

ಅಮಲ್ದಾರರು ಕೇಳಿದರು, "ಹುಚ್ಚರಾಯಪ್ಪನಿಗೆ ಗಂಡುಮಕ್ಕಳಿಲ್ಲವೇನಮ್ಮ?"

"ಇಲ್ಲ ಸಾಹೇಬರೆ, ನಾನೊಬ್ಬಳೇ."

"ನೀರು ಯಾರು ಬಿಡ್ತಾರೆ?"

"ನಾನೇ ಬಿಡ್ತೀನಿ."

ಗುಮಾಸ್ತರು ನಕ್ಕರು. ಅಮಲ್ದಾರರು ನಗಲಿಲ್ಲ. ವಾರಸುದಾರಳು ಅಂತ ನಿನ್ನ ಹೆಸರು ಬರೆಯಬಹುದು, ಆದರೆ ಕೆಲಸಕ್ಕೆ ಬದಲಿ ಅಂತ ಒಬ್ಬ ಗಂಡಸಿನ ಹೆಸರು ಬೇಕು ಅಂದರು. ಊರಿಗೆ ಬಂದು ಗೌಡರಿಗೆ ಹೇಳಿದೆ. ಅವರು ದನ ಕಾಯುತ್ತಿದ್ದ ಸುಬ್ಬಪ್ಪನನ್ನು ಕರೆದು, "ಇನ್ಮೇಲೆ ನೀನು ಬದಲಿ ನೀರುಗಂಟಿ ಕಣಯ್ಯಾ" ಅಂದರು. ಪಾಪ, ಅವನು ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೂಂ ಅಂದ. ವಯಸ್ಸು ಐವತ್ತಾಗಿದೆ. ಒಂದು ವರ್ಷ ನೋಡೋಣ, ಗದ್ದೆ ಒಣಗಿದರೆ ಇಬ್ಬರನ್ನೂ ತೆಗೆಯುತ್ತೇನೆ ಅಂತ ಗೌಡರು ಹೇಳಿದ್ದಾರೆ.

ಚಿಕ್ಕಮ್ಮ, ಒಬ್ಬಳೇ ಇದ್ದೀನಿ ಅಂತ ನನಗೆ ಅನ್ನಿಸುವುದೇ ಇಲ್ಲ. ಮಲಗಿದರೆ ಗೋಡೆಯ ಆಚೆ ಕೆರೆ ಉಸಿರಾಡುವುದು ಕೇಳುತ್ತದೆ. ಮೊನ್ನೆ ಕನಸಿನಲ್ಲಿ ಅಪ್ಪ ನೀರಿನ ಮೇಲೆ ನಡೆದು ಬಂದು, ಬಾಗಿಲಲ್ಲಿ ಕಾಲು ಒರೆಸಿಕೊಂಡು, ಆರಿದ್ರಾ ಮಳೆ ಎಷ್ಟು ಬಂತು ಅಂತ ಕೇಳಿದ. ಹೇಳಿದೆ. ಸರಿ ಅಂತ ವಾಪಸ್ಸು ಹೋದ. ಎದ್ದು ನೋಡಿದರೆ ಹೊಸ್ತಿಲು ಒದ್ದೆಯಾಗಿತ್ತು. ಮಳೆ ಇರಚಲು ಇರಬೇಕು.

ಆನವಟ್ಟಿಯವರಿಗೆ ಬೇಡ ಅಂತ ಹೇಳಿಬಿಡು.

ಇಂತಿ
ಗುತ್ಯಮ್ಮ


ಸೊರಬ
20 ಜುಲೈ 1955

ಗುತ್ಯಮ್ಮನಿಗೆ ಆಶೀರ್ವಾದ.

ಕಾಗದ ಓದಿಸಿ ಕೇಳಿದೆ. ಎರಡು ಸಲ ಓದಿಸಿದೆ. ನೀನು ಏರಿ ಮೇಲೆ ಇರುತ್ತೀಯೋ ಗುಡ್ಡದ ಮೇಲೆ ಇರುತ್ತೀಯೋ, ಹಟಮಾರಿಗೆ ಹೇಳಿ ನಾನು ಸಾಕಾದೆ. ಒಂದು ಮಾತು ಮಾತ್ರ ನಡೆಸಿಕೊಡು. ನೀರಿಗೆ ಇಳಿಯಬೇಡ. ಬಟ್ಟೆ ಒಗೆಯಲಿಕ್ಕೂ ಮೊಣಕಾಲ ಮೇಲೆ ನೀರು ಬರಕೂಡದು. ಯಾಕೆ ಅಂತ ಕೇಳಬೇಡ. ಮಾಸ್ತರು ಕೇಳಿದರು, ಅವರಿಗೂ ಹೇಳಲಿಲ್ಲ.

ಇಂತಿ
ತಿಮ್ಮಮ್ಮ


ಗಂಗನಕೊಪ್ಪ
28 ಆಗಸ್ಟ್ 1955

ಚಿಕ್ಕಮ್ಮನಿಗೆ ನಮಸ್ಕಾರ.

ಮಗೆ ಮಳೆಗೆ ಕೆರೆ ತುಂಬಿತು. ಮೂರು ದಿನ ನೀರು ಏರುವುದನ್ನೇ ನೋಡುತ್ತಾ ಕೂತಿದ್ದೆ. ಮೊದಲು ಹುಲ್ಲು ಮುಳುಗಿತು, ಆಮೇಲೆ ಲಕ್ಕಿಗಿಡಗಳು ಮುಳುಗಿದವು. ಆಮೇಲೆ ತೂಬಿನ ಎರಡು ಕಲ್ಲುಕಂಬಗಳು ಎದೆಮಟ್ಟ ನೀರಲ್ಲಿ ನಿಂತ ಗಂಡ ಹೆಂಡತಿ ಹಾಗೆ ಕಂಡವು. ಕೋಡಿ ಬಿದ್ದಾಗ ಊರವರು ಬಂದು ಕಾಯಿ ಒಡೆದರು. ಎಲ್ಲರೂ ಹೋದ ಮೇಲೆ ಕೆರೆ ಎಷ್ಟು ಸುಮ್ಮನಿತ್ತು ಅಂದರೆ ಮೋಡ ಮೇಲಿದೆಯೋ ಕೆಳಗಿದೆಯೋ ತಿಳಿಯುತ್ತಿರಲಿಲ್ಲ.

ಸುಬ್ಬಪ್ಪನಿಗೆ ಈಜು ಬರುವುದಿಲ್ಲ. ಅದನ್ನು ನಿನ್ನೆ ಹೇಳಿದ. ಏರಿ ಮೇಲೆ ಕೂತು ಬಹಳ ಹೊತ್ತು ಬೀಡಿ ಸೇದಿ, "ತಂಗೀ, ನನಗೆ ನೀರು ಕಂಡ್ರೆ ಎದಿ ಹೊಡಕೊಳ್ತೈತಿ" ಅಂದ. ನೀರು ಬಿಡುವುದು ಅಂದರೆ ಕಂಬದವರೆಗೆ ಈಜಿ, ಮುಳುಗಿ, ತಳದಲ್ಲಿರುವ ತೂಬಿನ ಕಣ್ಣಿಗೆ ಹೊಡೆದ ಮರದ ಬೆಣೆಯನ್ನು ಕೀಳಬೇಕು. ಗೌಡರಿಗೆ ಯಾಕೆ ಹೇಳಲಿಲ್ಲ ಅಂದೆ. "ಗೌಡ್ರು ಕೇಳಲಿಲ್ಲವಲ್ಲ" ಅಂದ. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ನಗಲಿಲ್ಲ.

ನನಗೆ ಬರುತ್ತದೆ, ಚಿಕ್ಕಮ್ಮ. ಏಳು ವರ್ಷದವಳಿದ್ದಾಗಿನಿಂದ ಅಪ್ಪ ಕಲಿಸಿದ್ದಾನೆ. ಬೇಸಿಗೆಯಲ್ಲಿ ನೀರು ಕಮ್ಮಿಯಾದಾಗ, ಯಾರೂ ಇಲ್ಲದ ಹೊತ್ತಿನಲ್ಲಿ. ಸೀರೆ ಉಟ್ಟು ಇಳಿಯಬಾರದು, ತೂಬಿನ ಕಣ್ಣಿನ ಹತ್ತಿರ ಒಂದು ದಾರವೂ ಸಡಿಲ ಇರಬಾರದು ಅಂತ ಪ್ರತಿ ಸಲ ಹೇಳುತ್ತಿದ್ದ. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ನೀನು ಈ ಊರಿಗೆ ಯಾಕೆ ಬರುವುದಿಲ್ಲ? ಅವ್ವ ಜ್ವರದಲ್ಲಿ ಹೋದಳು ಅಂತ ಅಪ್ಪ ಹೇಳಿದ್ದ. ನನಗೆ ಆಗ ನಾಲ್ಕು ವರ್ಷ. ಅವಳ ಮುಖ ನೆನಪಿಲ್ಲ, ಒದ್ದೆ ಕೂದಲ ವಾಸನೆ ನೆನಪಿದೆ.

ಇಂತಿ
ಗುತ್ಯಮ್ಮ


ಗಂಗನಕೊಪ್ಪ
25 ಸೆಪ್ಟೆಂಬರ್ 1955

ಚಿಕ್ಕಮ್ಮನಿಗೆ ನಮಸ್ಕಾರ.

ನಿನ್ನ ಕಾಗದ ಬರಲಿಲ್ಲ. ನೀನು ಹೇಳಿದ ಮಾತನ್ನು ನಾನು ನಡೆಸಲಿಲ್ಲ, ಅದನ್ನು ನಾನೇ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಉತ್ತರೆ ಮಳೆ ಕೈಕೊಟ್ಟಿತು. ಭತ್ತ ಹೊಡೆ ತುಂಬುವ ಹೊತ್ತು, ಕೆಳಗಿನ ಗದ್ದೆಗಳು ಬಿರುಕು ಬಿಡಲು ಶುರುವಾದವು. ನೀರು ಬಿಡು ಅಂತ ಗೌಡರು ಸುಬ್ಬಪ್ಪನಿಗೆ ಹೇಳಿ ಕಳಿಸಿದರು. ಅವನು ಬಂದು ನನ್ನ ಬಾಗಿಲಲ್ಲಿ ಕೂತ. ಮಾರನೇ ದಿನ ಬೆಳಕು ಹರಿಯುವ ಮುಂಚೆ ಅಪ್ಪನ ಚಡ್ಡಿ, ಅಂಗಿ ಹಾಕಿ, ಮೇಲೆ ಹಗ್ಗ ಬಿಗಿದು, ಹಗ್ಗದ ತುದಿಯನ್ನು ಸುಬ್ಬಪ್ಪನ ಕೈಗೆ ಕೊಟ್ಟು ಇಳಿದೆ.

ಒಳಗೆ ಹೇಗಿರುತ್ತದೆ ಗೊತ್ತಾ ಚಿಕ್ಕಮ್ಮ? ಮೊದಲು ತಣ್ಣಗೆ. ಆಮೇಲೆ ತಣ್ಣಗೆ ಅನ್ನುವುದೂ ಇಲ್ಲ. ಎಳೆ ಬಾಳೆಎಲೆಯನ್ನು ಬೆಳಕಿಗೆ ಹಿಡಿದ ಹಾಗೆ ಒಂದು ಹಸಿರು. ಕಂಬ ಹಿಡಿದು ಕೆಳಕ್ಕೆ ಹೋದಷ್ಟೂ ಆ ಹಸಿರು ಕಪ್ಪಾಗುತ್ತದೆ, ಕಿವಿಯಲ್ಲಿ ಯಾರೋ ದೂರದಲ್ಲಿ ಬೀಸುವ ಕಲ್ಲು ತಿರುಗಿಸುವ ಸದ್ದು. ಮೀನುಗಳು ಕೈಗೆ ತಾಗಿ ಹೋಗುತ್ತವೆ, ಹೆದರುವುದಿಲ್ಲ. ನಾನು ಯಾರ ಮಗಳು, ಎಲ್ಲಿ ಉಣ್ಣುತ್ತೇನೆ ಅನ್ನುವುದೆಲ್ಲ ಮೇಲೆಯೇ ಉಳಿದಿತ್ತು. ಬೆಣೆ ಕೈಗೆ ಸಿಕ್ಕಿತು. ಎರಡು ಸಲ ಅಲ್ಲಾಡಿಸಿ ಕಿತ್ತೆ. ತೂಬಿನ ಕಣ್ಣು ತೆರೆದು ನೀರು ಒಳಕ್ಕೆ ನುಗ್ಗಿದಾಗ ಇಡೀ ಕೆರೆಯೇ ನನ್ನ ಪಕ್ಕದಲ್ಲಿ ಎದ್ದು ಹೊರಟ ಹಾಗಾಯಿತು. ಕಾಲಿನಿಂದ ಕಲ್ಲು ಒದ್ದು ಮೇಲೆ ಬಂದೆ.

ಬೆಳಿಗ್ಗೆ ಕಾಲುವೆಯಲ್ಲಿ ನೀರು ನೋಡಿ ಗೌಡರು ಸುಬ್ಬಪ್ಪನಿಗೆ ಶಭಾಷ್ ಅಂದರಂತೆ. ಅವನು ನೆಲ ನೋಡಿದ. ನನ್ನ ಕೂದಲು ಒದ್ದೆಯಾಗಿತ್ತು, ಬಾವಿ ಹತ್ತಿರ ಸಿಕ್ಕ ಹೆಂಗಸರು ನೋಡಿದರು. ಏನೂ ಕೇಳಲಿಲ್ಲ. ಬೆಣೆ ಕೀಳಲಿಕ್ಕೆ, ಮತ್ತೆ ಹೊಡೆಯಲಿಕ್ಕೆ ಅಂತ ಅವತ್ತಿನಿಂದ ಆರು ಸಲ ಇಳಿದಿದ್ದೇನೆ. ಇಡೀ ಊರಿಗೆ ಗೊತ್ತು, ಯಾರಿಗೂ ಗೊತ್ತಿಲ್ಲ.

ಇಂತಿ
ಗುತ್ಯಮ್ಮ


ಸೊರಬ
6 ಅಕ್ಟೋಬರ್ 1955

ಗುತ್ಯಮ್ಮಾ,

ನಿನ್ನ ಕಾಗದ ಬಂದು ಐದು ದಿನವಾಯಿತು. ಅಂಗಡಿ ಬಾಗಿಲು ಹಾಕಿಕೊಂಡಿದ್ದೆ. ಇವತ್ತು ಮಾಸ್ತರನ್ನು ಕರೆದು ಕೂರಿಸಿ, ನಾನು ಏನು ಹೇಳಿದರೂ ಹಾಗೇ ಬರೆಯಬೇಕು, ತಿದ್ದಬಾರದು ಅಂತ ಹೇಳಿದ್ದೇನೆ. ಇಷ್ಟು ದಿನ ಹೇಳದಿದ್ದದ್ದು ಅದಕ್ಕೇ. ನಮ್ಮ ಮನೆಯ ಮಾತನ್ನು ಬೇರೆಯವರ ಕೈಯಲ್ಲಿ ಬರೆಸಬೇಕಲ್ಲ ಅಂತ.

ನಿಮ್ಮವ್ವ ಜ್ವರದಲ್ಲಿ ಹೋದವಳಲ್ಲ. ಜ್ವರ ಬಂದದ್ದು ನಿಮ್ಮಪ್ಪನಿಗೆ. ನಾನು ಆಗ ನಿಮ್ಮ ಮನೆಗೆ ಬಂದಿದ್ದೆ. ಇಂಥದ್ದೇ ಒಣ ಉತ್ತರೆ. ಮೂರು ದಿನದಿಂದ ನೀರು ಬಿಡುವವರಿಲ್ಲ. ಹಿಂಗೇ ಆದರೆ ಕೆಲಸ ಕಿತ್ತುಕೊಳ್ತಾರೆ ತಿಮ್ಮೀ, ನಾನೇ ಇಳೀತೀನಿ ಅಂತ ಅಕ್ಕ ಹೇಳಿದಳು. ಹುಚ್ಚೇನೇ ನಿನಗೆ ಅಂದೆ. ನಕ್ಕಳು. ಬೆಳಿಗ್ಗೆ ಎದ್ದಾಗ ನೀನು ನನ್ನ ಪಕ್ಕದಲ್ಲಿ ಮಲಗಿದ್ದೆ, ಅವಳು ಇರಲಿಲ್ಲ. ಕಂಬದ ಹತ್ತಿರ ಸಿಕ್ಕಳು. ಉಟ್ಟ ಸೀರೆಯಲ್ಲೇ ಇಳಿದಿದ್ದಳು. ಸೆರಗು ಹರಿದು ಹೋಗಿತ್ತು, ತೂಬು ಎಳೆದುಕೊಂಡಿತ್ತು.

ಹಾಲಮ್ಮ ಕೆರೆಗೆ ಹಾರಿಕೊಂಡಳು ಅಂತ ಊರು ಅಂದಿತು. ಹೆಂಗಸು ನೀರು ಬಿಡಲಿಕ್ಕೆ ಇಳಿದಳು ಅಂತ ನಾನು ಹೇಳಿದರೆ ಒಬ್ಬರೂ ನಂಬಲಿಲ್ಲ. ಎಲ್ಲಾದರೂ ಉಂಟಾ ಅಂದರು. ನಿಮ್ಮಪ್ಪನಿಗೆ ಗೊತ್ತಿತ್ತು. ಹೌದು ಅಂದರೆ ಹೆಂಡತಿಯನ್ನು ನೀರಿಗೆ ಕಳಿಸಿದ ಅಂತ ಕೆಲಸ ಹೋಗುತ್ತಿತ್ತು. ಸುಮ್ಮನಿದ್ದ. ಮಗು ಸಾಕಬೇಕಲ್ಲ ತಿಮ್ಮೀ ಅಂದ. ಅವತ್ತು ಬಿಟ್ಟ ಊರು ಅದು. ಹದಿನೈದು ವರ್ಷ ಅವನ ಮುಖ ನೋಡಲಿಲ್ಲ.

ಇಷ್ಟು ಹೇಳಿದಾಗ ಮಾಸ್ತರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬರೀರಿ ಅಂದೆ.

ಈಗ ನಿನಗೂ ಗೊತ್ತಾಯಿತು. ಬಾ ಅಂತ ಇನ್ನು ಕರೆಯುವುದಿಲ್ಲ. ಇಳಿಯಬೇಡ ಅಂತಲೂ ಹೇಳುವುದಿಲ್ಲ, ಹೇಳಿದರೆ ನೀನು ಕೇಳುವವಳಲ್ಲ. ಅವಳೂ ಹಾಗೇ ಇದ್ದಳು.

ತಿಮ್ಮಮ್ಮ


ಸೊರಬ
17 ಅಕ್ಟೋಬರ್ 1955

ಕುಮಾರಿ ಗುತ್ಯಮ್ಮನವರಿಗೆ,

ಇದನ್ನು ನಾನು ಸ್ವಂತವಾಗಿ ಬರೆಯುತ್ತಿದ್ದೇನೆ. ತಮ್ಮ ಚಿಕ್ಕಮ್ಮನವರಿಗೆ ತಿಳಿಸಿಲ್ಲ. ಅವರು ದಿನವೂ ಟಪಾಲು ಬರುವ ವೇಳೆಗೆ ಅಂಗಡಿಯಿಂದ ಎದ್ದು ನಿಲ್ಲುತ್ತಾರೆ. ಪೋಸ್ಟ್‌ಮನ್ ಮುಂದೆ ಹೋದ ಮೇಲೆ ಮಂಡಕ್ಕಿ ಅಳೆಯುವ ಸೇರನ್ನು ಸುಮ್ಮನೆ ಒರೆಸುತ್ತಾರೆ. ಊಟ ಸರಿಯಾಗಿ ಮಾಡುತ್ತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದ ನನಗೆ ಇದರ ಮೇಲೆ ಏನು ಬರೆಯಬೇಕೋ ತಿಳಿಯದು. ಎರಡು ಸಾಲು ಬರೆಯಿರಿ, ಸಾಕು.

ಇತಿ
ಕಮಲಾಕರ


ಗಂಗನಕೊಪ್ಪ
24 ಅಕ್ಟೋಬರ್ 1955

ಚಿಕ್ಕಮ್ಮನಿಗೆ ನಮಸ್ಕಾರ.

ನಿನ್ನ ಕಾಗದ ಬಂದ ದಿನದಿಂದ ನಾನು ನೀರಿಗೆ ಇಳಿದಿರಲಿಲ್ಲ. ಬಾಗಿಲಲ್ಲಿ ಕೂತು ಕೆರೆ ನೋಡುತ್ತಿದ್ದೆ, ಅಷ್ಟೇ. ಮೊದಲು ಅಪ್ಪನ ಮೇಲೆ ಸಿಟ್ಟು ಬಂತು. ಅವನ ಚಡ್ಡಿ, ಅಂಗಿಯನ್ನು ಅಟ್ಟಕ್ಕೆ ಎಸೆದೆ. ಆಮೇಲೆ, ಮುಳುಗಲು ಕಲಿಸುವಾಗ ಬಗ್ಗಿ ನನ್ನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ ಅವನ ಕೈ ಕಣ್ಣಿಗೆ ಬಂತು. ಗಂಟು ಹಾಕಿ, ಮತ್ತೆ ಜಗ್ಗಿ ನೋಡಿ, ಮತ್ತೊಂದು ಗಂಟು ಹಾಕುತ್ತಿದ್ದ. ಹೋಗಿ ಅಂಗಿ ಇಳಿಸಿಕೊಂಡು ಬಂದೆ.

ಅಷ್ಟರಲ್ಲಿ ಹಸ್ತ ಮಳೆಯೂ ಹೋಯಿತು. ಸುಬ್ಬಪ್ಪ ಗೌಡರ ಹತ್ತಿರ ಹುಷಾರಿಲ್ಲ ಅಂತ ಹೇಳಿದ. ಮೇಲಿನ ಗದ್ದೆಗಳಲ್ಲಿ ಇನ್ನೂ ತೇವ ಇತ್ತು, ಕಡೆಯ ಗದ್ದೆಗಳು ಒಣಗಿ ತೆನೆ ಬೆಳ್ಳಗಾಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಕೆಂಚಮ್ಮಜ್ಜಿ ಕೋಲು ಊರಿಕೊಂಡು ಏರಿ ಹತ್ತಿ ಬಂದಳು. ಕಟ್ಟಕಡೆಯ ಗದ್ದೆ ಅವಳದ್ದು.

"ನೀರು ಬಿಡವ್ವ" ಅಂದಳು.

"ಸುಬ್ಬಪ್ಪನಿಗೆ ಹೇಳು ಅಜ್ಜಿ."

"ನನಗೇನು ಕಣ್ಣಿಲ್ವಾ. ಬಿಡೋಳು ನೀನು."

ಇಷ್ಟು ದಿನದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದವರು ಅವಳೊಬ್ಬಳೇ. "ಬಿಡ್ತೀನಿ" ಅಂದೆ, "ಆದ್ರೆ ಕದ್ದು ಅಲ್ಲ. ಎಲ್ಲಾರೂ ಬರಲಿ."

ಬಿಸಿಲು ಏರಿದ ಮೇಲೆ ಜನ ಬಂದರು. ಗೌಡರೂ ಬಂದು ಕೊಡೆ ಹಿಡಿದು ನಿಂತರು. ಅಪ್ಪನ ಅಂಗಿ ಹಾಕಿಕೊಂಡು ಅಷ್ಟು ಗಂಡಸರ ನಡುವೆ ನಡೆದು ಹೋಗುವುದಕ್ಕಿಂತ ಮುಳುಗುವುದೇ ಸುಲಭ ಅನ್ನಿಸಿತು. ಯಾರೋ ಒಬ್ಬ ಏನೋ ಅಂದ, ಇನ್ನೊಬ್ಬ ಅವನಿಗೆ ಸುಮ್ಮನಿರು ಅಂದ. ಸುಬ್ಬಪ್ಪ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ.

ಈ ಸಲ ಬಿಸಿಲು ತಳದವರೆಗೆ ಇಳಿದಿತ್ತು. ಕಂಬದ ಬುಡದ ಪಾಚಿ ಕೂದಲಿನ ಹಾಗೆ ಅಲ್ಲಾಡುತ್ತಿತ್ತು. ಹೆದರಿಕೆ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಯಾರದೋ ಮನೆಗೆ ಹೋದಾಗ ಅವರು ಒಳಗಿನ ಕೋಣೆಯಲ್ಲಿದ್ದಾರೆ, ಈಗ ಬರುತ್ತಾರೆ ಅನ್ನಿಸುತ್ತದಲ್ಲ, ಹಾಗೆ. ಬೆಣೆ ಬಿಗಿದುಕೊಂಡಿತ್ತು, ನಾಲ್ಕು ಸಲ ಜಗ್ಗಬೇಕಾಯಿತು. ಮೇಲೆ ಬಂದೆ. ಏರಿಯ ಆಚೆ ಕಾಲುವೆಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

ದಡಕ್ಕೆ ಬಂದು ನಿಂತು, ಉಸಿರು ಸಿಕ್ಕ ಮೇಲೆ ಹೇಳಿದೆ. "ನಮ್ಮವ್ವ ಹಾರಿಕೊಂಡೋಳಲ್ಲ. ಇದಕ್ಕೇ ಇಳಿದಿದ್ಲು."

ಗೌಡರು ಬೇರೆ ಕಡೆ ನೋಡಿದರು. ಆಗ ಕೆಂಚಮ್ಮಜ್ಜಿ ಏರಿ ಮೇಲೆ ಹಾಗೇ ಕುಸಿದು ಕೂತಳು.

"ಹಾರಿಕೊಂಡ್ಲು ಅಂತ ಮೊದ್ಲು ಅಂದೋಳು ನಾನೇ ಕಣವ್ವ" ಅಂದಳು. "ಆವತ್ತು ಬೆಳಿಗ್ಗೆ ನಮ್ಮ ಗದ್ದಿಗೆ ನೀರು ಬಂದಿತ್ತು. ನಿಮ್ಮಪ್ಪ ಮಲಗಿದ್ದ. ನೀರು ಹೆಂಗ್ ಬಂತು, ಯಾರು ಬಿಟ್ರು ಅಂತ ನಾನು ಕೇಳಲೇ ಇಲ್ಲ. ಆ ವರ್ಷದ ಭತ್ತ ಉಂಡೆ, ಆವತ್ತೂ ಕೇಳಲಿಲ್ಲ."

ಅವ್ವ ಬೆಣೆ ಕಿತ್ತಿದ್ದಳು, ಚಿಕ್ಕಮ್ಮ. ಕಿತ್ತ ಮೇಲೆ ಹೋದಳು.

ಗೌಡರು ಕೊಡೆ ಮಡಚಿ, "ಇನ್ಮೇಲೆ ಹಗಲಲ್ಲೇ ಬಿಡು. ಕತ್ತಲಲ್ಲಿ ಯಾಕೆ ಒದ್ದಾಡ್ತಿ" ಅಂದರು. ಅಷ್ಟೇ ಅಂದದ್ದು. ಕಾಗದದಲ್ಲಿ ಸುಬ್ಬಪ್ಪನ ಹೆಸರೇ ಇರುತ್ತದೆ. ಅವನು ಸಂಜೆ ಬಂದು, ಮುಂದಿನ ಜಮಾಬಂದಿಗೆ ಊರ ಲೆಕ್ಕ ನೋಡಲು ಬಂದಾಗ, ನೀರು ಬಿಡೋಳು ನೀನೇ ಅಂತ ಅಮಲ್ದಾರರಿಗೆ ನಾನೇ ಹೇಳ್ತೀನಿ ಅಂದ. ಹೇಳುತ್ತಾನೋ ಇಲ್ಲವೋ.

ಮಾಸ್ತರಿಗೆ ನಮಸ್ಕಾರ ತಿಳಿಸು. ನೀನು ಊಟ ಮಾಡು.

ಇಂತಿ
ಗುತ್ಯಮ್ಮ


ಸೊರಬ
22 ನವೆಂಬರ್ 1955

ಗುತ್ಯಮ್ಮನಿಗೆ ಆಶೀರ್ವಾದ.

ಬಸ್ಸು ಸರಿಯಾಗಿ ಸಿಕ್ಕಿತು, ಊರು ಮುಟ್ಟಿದೆ. ನೀನು ಕಟ್ಟಿಕೊಟ್ಟ ಹೊಸ ಅಕ್ಕಿಯಲ್ಲಿ ಮಾಸ್ತರ ಮನೆಗೂ ಕೊಟ್ಟೆ.

ಎದುರಿಗೆ ಇದ್ದಾಗ ಹೇಳಲಿಕ್ಕಾಗದ್ದನ್ನು ಈಗ ಬರೆಸುತ್ತಿದ್ದೇನೆ. ದೀಪಾವಳಿಗೆ ಅಲ್ಲಿಗೆ ಬರುವಾಗ ಅರ್ಧ ದಾರಿಯಲ್ಲಿ ಇಳಿದು ವಾಪಸ್ಸು ಬರಬೇಕು ಅಂತ ಎರಡು ಸಲ ಅನ್ನಿಸಿತು. ಏರಿ ಹತ್ತಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ನೀನು ಕೈ ಹಿಡಿದಿದ್ದೆಯಲ್ಲ, ನಿನಗೆ ತಿಳಿದಿರಬೇಕು. ತೆರೆದು ನೋಡಿದರೆ ಕೆರೆ ಅಷ್ಟು ದೊಡ್ಡದಾಗಿ, ಅಷ್ಟು ತಣ್ಣಗೆ, ಏನೂ ಆಗಿಲ್ಲ ಅನ್ನುವ ಹಾಗೆ ಮಲಗಿತ್ತು. ಹದಿನೈದು ವರ್ಷ ಕನಸಿನಲ್ಲಿ ನಾನು ಕಂಡ ಕೆರೆ ಕಪ್ಪಗಿತ್ತು. ಇದು ಹಾಗಿರಲಿಲ್ಲ. ಕೊಕ್ಕರೆ ಇದ್ದವು.

ನೀನು ಇಳಿದು ಮುಳುಗಿದಾಗ ನಾನು ಎಣಿಸುತ್ತಾ ಕೂತೆ. ಇಪ್ಪತ್ತರ ಮೇಲೆ ನನಗೆ ಎಣಿಕೆ ಬರುವುದಿಲ್ಲ, ಮತ್ತೆ ಒಂದರಿಂದ ಎಣಿಸಿದೆ. ಸುಬ್ಬಪ್ಪ, "ಹೆದರಬೇಡ್ರಿ, ಬರ್ತಾಳೆ" ಅಂದ. ಬಂದೆ. ಒದ್ದೆ ಮುಖ ಎತ್ತಿ ಕಣ್ಣು ಒರೆಸಿಕೊಂಡಾಗ ನೀನು ಯಾರ ಹಾಗೆ ಕಂಡೆ ಅಂತ ನಾನು ಹೇಳಬೇಕಾಗಿಲ್ಲ.

ಹಾರಿಕೊಂಡವರಿಗೆ ಹಿರಿಯರ ಸಾಲಿನಲ್ಲಿ ಜಾಗ ಇಲ್ಲ ಅಂತ ಊರವರು ಅಕ್ಕನಿಗೆ ಒಂದು ವರ್ಷವೂ ಎಡೆ ಇಡಗೊಡಲಿಲ್ಲ. ಈ ದೀಪಾವಳಿಗೆ ನಿಮ್ಮಪ್ಪನ ಎಡೆಯ ಪಕ್ಕದಲ್ಲಿ ನೀನು ಇನ್ನೊಂದು ಎಲೆ ಹಾಸಿದಾಗ ನಾನು ಬಾಗಿಲು ನೋಡುತ್ತಿದ್ದೆ, ಯಾರಾದರೂ ಬಂದು ಬೇಡ ಅಂತಾರೆ ಅಂತ. ಬಂದದ್ದು ಕೆಂಚಮ್ಮ. ತನ್ನ ಗದ್ದೆಯ ಹೊಸ ಅಕ್ಕಿಯ ಅನ್ನ ತಂದು, ನಿನ್ನನ್ನೂ ಕೇಳದೆ, ನನ್ನನ್ನೂ ಕೇಳದೆ, ಅಕ್ಕನ ಎಲೆಗೆ ಬಡಿಸಿದಳು. ಬಡಿಸಿ, "ಉಣ್ಣು ಹಾಲಮ್ಮ, ತಡವಾಯ್ತು" ಅಂದಳು.

ಇಂತಿ ನಿನ್ನ ಚಿಕ್ಕಮ್ಮ
ತಿಮ್ಮಮ್ಮ